ಕೊಡಚಾದ್ರಿಯ ಜೀಪಿಗೆ ಕಟ್ಟಿದ ಚೈನು

ಹುಬ್ಬೆ ಮಳೆ ಮುಗಿಯುತ್ತ ಬಂದಿತ್ತು. ಶಿವಮೊಗ್ಗ ಬಿಟ್ಟು ಹೊಸನಗರ, ನಗರ ದಾಟಿ ನಿಟ್ಟೂರು ಸೇರುವವರೆಗಿನ ಅರ್ಧ ದಿನದಲ್ಲಿ ಹೇಳುವಂಥದ್ದೇನಿಲ್ಲ. ಮಳೆ, ವೈಪರಿನ ಸದ್ದು, ದಾರಿಯಲ್ಲೊಂದು ಕಡೆ ತಣ್ಣಗಿನ ಇಡ್ಲಿ. ಬೆಟ್ಟದ ತುದಿಯ ಸರ್ವಜ್ಞ ಪೀಠದ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. 1,343 ಮೀಟರ್ ಎತ್ತರದಲ್ಲಿ ಅವತ್ತು ಕಂಡದ್ದು ಬರೀ ಮಂಜು. ನೆನಪಿನಲ್ಲಿ ಉಳಿದದ್ದು ಕೆಳಗೆ, ಟಾರು ಮುಗಿದು ಮಣ್ಣು ಶುರುವಾಗುವ ಜಾಗದಲ್ಲಿ, ಜೀಪಿನ ಡ್ರೈವರ್ ಗೋಣಿಚೀಲದಿಂದ ಸುರಿದ, ಜಾರದಂತೆ ಟೈರಿಗೆ ಕಟ್ಟುವ ನಾಲ್ಕು ಕಬ್ಬಿಣದ ಚೈನುಗಳು.

ಚೈನು ನೋಡಲು ಹಗ್ಗದೇಣಿಯ ಹಾಗೆ. ಎರಡು ಉದ್ದ ಸರಪಳಿ, ನಡುವೆ ಮೆಟ್ಟಿಲಿನಂತೆ ಅಡ್ಡ ತುಂಡುಗಳು. ಉದ್ದದ್ದರಲ್ಲಿ ಒಂದು ಟೈರಿನ ಒಳಮೈಗೆ, ಇನ್ನೊಂದು ಹೊರಮೈಗೆ. ಅಡ್ಡ ತುಂಡುಗಳು ನೆಲ ಮುಟ್ಟುವ ಹಲ್ಲಿನ ಮೇಲೆ. ಮೊದಲು ನೆಲದ ಮೇಲೆ ಹಾಸಿ ತಿರುಚು ಬಿಡಿಸಬೇಕು. ಒಂದೇ ಒಂದು ಕೊಂಡಿ ತಿರುಚಿಕೊಂಡಿದ್ದರೂ ಕೊನೆಗೆ ಕೊಕ್ಕೆ ಮುಟ್ಟುವುದಿಲ್ಲ. ಅಡ್ಡ ತುಂಡಿನ ಕೊಕ್ಕೆಗಳ ಬಾಯಿ ಟೈರಿನ ಕಡೆಗಿರದೆ ಹೊರಗೆ ನೋಡುತ್ತಿರಬೇಕು. ತಪ್ಪಿದರೆ ಟೈರಿನ ಪಕ್ಕದ ರಬ್ಬರನ್ನು ಕೊರೆದುಹಾಕುತ್ತವೆ. ಆಮೇಲೆ ಟೈರಿನ ನೆತ್ತಿಯ ಮೇಲಿಂದ ಹೊದೆಸಿ, ಅಂಚನ್ನು ಚಕ್ರದ ಬುಡಕ್ಕೆ ಸಿಕ್ಕಿಸಿ, ಗಾಡಿಯನ್ನು ಅರ್ಧ ಸುತ್ತು ಮುಂದೆ ತರುವುದು. ಕೊಕ್ಕೆ ಹಾಕುವಾಗ ಒಳಗಿನದು ಮೊದಲು, ಹೊರಗಿನದು ಆಮೇಲೆ. ಉಳಿದ ಬಾಲವನ್ನು ಹಾಗೇ ಬಿಟ್ಟರೆ ಅದು ಮಡ್‌ಗಾರ್ಡಿಗೆ ಬಡಿಯುತ್ತದೆ, ಬ್ರೇಕಿನ ಹೋಸಿಗೂ ತಾಗಬಹುದು. ನಮ್ಮ ಡ್ರೈವರ್ ಅದನ್ನು ಹಳೇ ಟ್ಯೂಬು ಕೊಯ್ದ ರಬ್ಬರಿನಿಂದ ಬಿಗಿದು ಕಟ್ಟಿದರು. ನೂರು ಗಜ ಹೋಗಿ ಜೀಪು ನಿಲ್ಲಿಸಿ, ಇಳಿದು, ಇನ್ನೊಮ್ಮೆ ಬಿಗಿದರು. ಈ ಎರಡನೇ ಬಿಗಿತವನ್ನು ಬಿಟ್ಟವರ ಚೈನೇ ನಡುದಾರಿಯಲ್ಲಿ ಕಳಚುವುದು.

ಹಿಂದಿನ ರಾತ್ರಿಯ ಕತೆ ಇಲ್ಲಿ ಬರಲೇಬೇಕು, ಇನ್ನೂ ಹೊಟ್ಟೆ ಉರಿಯುತ್ತಿದೆ. ಹೋಂಸ್ಟೇಗೆ ಇಳಿಯುವ ಮಣ್ಣಿನ ಇಳಿಜಾರಿನಲ್ಲಿ ನಮ್ಮ ಆಲ್ ವೀಲ್ ಡ್ರೈವ್ ಕಾರು, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವಂಥದ್ದು, ಧರೆಯ ಬದಿಗೆ ಜಾರಿ ಹೂತುಕೊಂಡಿತು. ಆಕ್ಸಿಲರೇಟರ್ ಒತ್ತಿದಷ್ಟೂ ನಾಲ್ಕೂ ಚಕ್ರ ತಿರುಗಿದವು, ಅಷ್ಟೇ. ಟಾರು ರಸ್ತೆಗೆಂದೇ ಮಾಡಿದ ಟೈರಿನ ಸಣ್ಣ ಸಂದುಗಳಲ್ಲಿ ಕೆಸರು ಮೆತ್ತಿಕೊಂಡು ಟೈರು ಮಡಕೆಯ ಹಾಗೆ ನುಣ್ಣಗಾಗಿತ್ತು. ಇಂಥ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ಸಾಮಾನ್ಯವಾಗಿ ಒಂದು ಕ್ಲಚ್ಚಿನ ಮೂಲಕ. ಹೂತಲ್ಲೇ ತಿರುಗಿಸುತ್ತಿದ್ದರೆ ಅದು ಕಾದು ತಾನಾಗಿ ಬಿಟ್ಟುಕೊಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಎಳೆಯಲು ಟ್ರ್ಯಾಕ್ಟರ್ ಬಂತು, ಹಗ್ಗವೂ ಇತ್ತು. ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಪಿ ಕೂರಿಸುವ, ಹಗ್ಗ ಕಟ್ಟುವ ಕಬ್ಬಿಣದ ಬಳೆ ಮಾತ್ರ ಸ್ಟೆಪ್ನಿಯ ಗುಂಡಿಯಲ್ಲಿ ಇರಲಿಲ್ಲ. ಸರ್ವಿಸಿಗೆ ಬಿಟ್ಟಾಗ ಯಾರೋ ತೆಗೆದವರು ವಾಪಸ್ ಇಟ್ಟಿರಲಿಲ್ಲ. ಮಳೆಯಲ್ಲಿ ಕೆಸರಿಗೆ ಅಂಗಾತ ಮಲಗಿ, ಅಡಿಯಲ್ಲಿ ಹಗ್ಗ ಕಟ್ಟುವ ಗಟ್ಟಿ ಜಾಗ ಹುಡುಕಲು ಮುಕ್ಕಾಲು ಗಂಟೆ ಹೋಯಿತು, ಇಂಬಳಗಳಿಗೆ ಹಬ್ಬವಾಯಿತು. ಮಲೆನಾಡಿಗೆ ಹೊರಡುವ ಮುಂಚೆ ಡಿಕ್ಕಿ ತೆರೆದು ಆ ಬಳೆ ಇದೆಯೇ ನೋಡಿ. ಅದರ ತಿರುಪು ಕೆಲವು ಕಾರುಗಳಲ್ಲಿ ಎಡಮರೆ ಇರುತ್ತದೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಅದನ್ನೂ ಹಗಲಲ್ಲೇ ಒಮ್ಮೆ ಹಾಕಿ ತೆಗೆದು ನೋಡಿ.

ಜೊತೆಗಿದ್ದ ಅಕ್ಕನ ಮಗನಿಗೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕೆಲಸ. ಚಳಿಗಾಲದಲ್ಲಿ ಹಿಮ ನೋಡಲು ಅಲ್ಲಿಂದ ಟಾಹೋ ಸರೋವರದ ಕಡೆ ಬೆಟ್ಟ ಹತ್ತುವವನು. ಚೈನು ಕಂಡಿದ್ದೇ ಡ್ರೈವರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಅಣ್ಣ, ಫೋರ್ ವೀಲ್ ಇದೆಯಲ್ಲ, ಚೈನು ಯಾಕೆ?”

“ಫೋರ್ ವೀಲ್ ಹತ್ತೋಕೆ ಮಾರಾಯ್ರೆ. ನಿಲ್ಲೋಕೆ ಎಂತ ಮಾಡ್ತೀರಿ?”

ಅವನು ನಕ್ಕ. ಅವನೂರಿನ ಚೈನಿನ ನಿಯಮ ನಿಂತಿರುವುದೂ ಇದೇ ಮಾತಿನ ಮೇಲೆ. ಎಂಜಿನ್ನಿನ ಶಕ್ತಿ ನಾಲ್ಕು ಚಕ್ರಕ್ಕೆ ಹೋಗಲಿ, ಎರಡಕ್ಕೇ ಹೋಗಲಿ, ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕಕ್ಕೂ ಇದ್ದೇ ಇದೆ. ನಿಲ್ಲುವಾಗ, ತಿರುಗುವಾಗ ಲೆಕ್ಕಕ್ಕೆ ಬರುವುದು ಟೈರಿನ ಹಿಡಿತ ಒಂದೇ.

ಅಲ್ಲಿ ಹಿಮ ಬಿದ್ದ ದಿನ ರಸ್ತೆಯ ಬದಿಗೆ ಆರ್-1, ಆರ್-2, ಆರ್-3 ಎಂದು ಬೋರ್ಡು ಹಾಕುತ್ತಾರೆ. ಆರ್-2 ಇದ್ದರೆ ಎಲ್ಲ ಗಾಡಿಗೂ ಚೈನು ಬೇಕು. ಬಿಡುವುದು ನಾಲ್ಕೂ ಚಕ್ರಕ್ಕೆ ಹಿಮದ ಟೈರಿರುವ ಆಲ್ ವೀಲ್, ಫೋರ್ ವೀಲ್ ಗಾಡಿಗಳನ್ನು ಮಾತ್ರ. ಹಿಮದ ಟೈರೆಂದರೆ ಪಕ್ಕದಲ್ಲಿ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಗುರುತು ಇದ್ದು, ಹಲ್ಲಿನ ಆಳ ಇಂಚಿನ 32 ಭಾಗದಲ್ಲಿ 6, ಅಂದರೆ ಸುಮಾರು 4.8 ಮಿಲಿಮೀಟರ್ ಆದರೂ ಉಳಿದಿರಬೇಕು. ಅಂಥ ಗಾಡಿಯವರೂ ಚೈನನ್ನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೋಗಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಆರ್-3 ಬಂದರೆ ಯಾರಿಗೂ ವಿನಾಯಿತಿ ಇಲ್ಲ. ಎಷ್ಟೋ ಸಲ ಅಷ್ಟು ಹೊತ್ತಿಗೆ ರಸ್ತೆಯನ್ನೇ ಮುಚ್ಚಿರುತ್ತಾರೆ. ಚೈನು ಕಟ್ಟಿದ ಮೇಲೆ ವೇಗ ಗಂಟೆಗೆ 40ರಿಂದ 48 ಕಿಲೋಮೀಟರ್ ದಾಟುವಂತಿಲ್ಲ. ಡಿಸೆಂಬರಿನಲ್ಲಿ ಮನಾಲಿಗೆ ಹೋಗಿಬಂದ ಶಿವಮೊಗ್ಗದವರೂ ಇಂಥದ್ದೇ ಕಂಡಿರುತ್ತಾರೆ: ಹಿಮ ಜೋರಾದರೆ ಸೋಲಂಗ್ ಕಡೆಯಿಂದ ಅಟಲ್ ಸುರಂಗದತ್ತ ಪೊಲೀಸರು ಬಿಡುವುದು ಚೈನು ಕಟ್ಟಿದ ಫೋರ್ ವೀಲ್ ಗಾಡಿಗಳನ್ನು.

“ಯಾವ ಚಕ್ರಕ್ಕೆ ಕಟ್ತಾರೆ ಅಲ್ಲಿ?” ಡ್ರೈವರ್ ಕೇಳಿದರು.

ಇಲ್ಲಿ ಮಾತು ಬೆಳೆಯಿತು. ಮುಂದಿನ ಚಕ್ರದ ಡ್ರೈವನ್ನೇ ಮೂಲವಾಗಿಟ್ಟು ಮಾಡಿದ ಆಲ್ ವೀಲ್ ಕಾರುಗಳಿಗೆ ಒಂದೇ ಜೊತೆ ಚೈನಿದ್ದರೆ ಸಾಮಾನ್ಯವಾಗಿ ಮುಂದಿನದಕ್ಕೇ ಕಟ್ಟಬೇಕು. ಖಚಿತವಾದದ್ದು ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಬೆರಳಿನಷ್ಟೇ ಜಾಗ. ಅದಕ್ಕೆ ದಪ್ಪ ಚೈನು ಹೊಂದುವುದಿಲ್ಲ, ತೆಳ್ಳಗಿನ ಕೇಬಲ್ಲೇ ಬೇಕು. ಒಂದು ಪಕ್ಕಕ್ಕೆ ಮಾತ್ರ ಕಟ್ಟುವುದಂತೂ ಕೂಡದು. ಚೈನು ಕೊಳ್ಳುವಾಗ “ಎಸ್‌ಯುವಿಗೆ ಕೊಡಿ” ಎಂದರೆ ಆಗದು. ಟೈರಿನ ಮೇಲೆ ಬರೆದ 225/65 ಆರ್ 17ರಂಥ ಅಳತೆಯನ್ನು ಪೂರ್ತಿ ಹೇಳಬೇಕು.

“ಮುಂದೆ ಮಾತ್ರ ಕಟ್ಟಿದ್ರೆ ಇಳಿಯುವಾಗ ಹಿಂದಿನದು ಬಾಲ ಬೀಸ್ತದೆ. ಹಿಂದೆ ಮಾತ್ರ ಕಟ್ಟಿದ್ರೆ ಸ್ಟೇರಿಂಗ್ ತಿರುಗಿಸಿದ್ರೂ ಮೂತಿ ತಿರುಗಲ್ಲ. ಅದಕ್ಕೇ ನಂದು ನಾಲ್ಕಕ್ಕೂ” ಎಂದರು ಡ್ರೈವರ್.

ಹಿಮಕ್ಕೂ ಮಲೆನಾಡಿನ ಕೆಸರಿಗೂ ಇರುವ ವ್ಯತ್ಯಾಸ ಹತ್ತುವಾಗ ಗೊತ್ತಾಯಿತು. ಕೆಸರಿನಲ್ಲಿ ಅಡ್ಡ ತುಂಡುಗಳು ಮೇಲಿನ ಲೋಳೆ ಸೀಳಿ ಅಡಿಯ ಚರಲಿಗೆ ಕಚ್ಚುತ್ತವೆ. ಹಾವಸೆ ಕಟ್ಟಿದ ಬರೀ ಬಂಡೆ ಬಂದಾಗ ಮಾತ್ರ ಆಟ ತಿರುಗುಮುರುಗು: ಕಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ, ಅಲ್ಲಿ ರಬ್ಬರೇ ಮೇಲು. ಅಂಥ ಕಡೆ ಡ್ರೈವರ್ ಲೋ ಗೇರಿನಲ್ಲಿ, ಚಕ್ರ ಒಮ್ಮೆಯೂ ಸುಮ್ಮನೆ ತಿರುಗದಷ್ಟು ನಿಧಾನವಾಗಿ ದಾಟಿಸಿದರು. ಇಳಿಯುವಾಗ ಲೋ ಫಸ್ಟ್, ಕ್ಲಚ್ಚಿನಿಂದ ಕಾಲು ಪೂರ್ತಿ ದೂರ, ಬ್ರೇಕಿಗೆ ಹೆಬ್ಬೆರಳಿನ ಭಾರ. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ಜೀಪು ತನ್ನ ಭಾರಕ್ಕೇ ಓಡುತ್ತದೆ.

ಟಾರು ಸಿಕ್ಕ ಕೂಡಲೇ ಜೀಪು ನಿಂತಿತು. ಗಟ್ಟಿ ರಸ್ತೆಯ ಮೇಲೆ ಚೈನಿನಲ್ಲೇ ಓಡಿಸಿದರೆ ಅಡ್ಡ ತುಂಡು ಸವೆದು ತುಂಡಾಗುತ್ತದೆ, ರಸ್ತೆಯೂ ಕಿತ್ತುಹೋಗುತ್ತದೆ. ಬಿಚ್ಚುವಾಗ ಹೊರಗಿನ ಕೊಕ್ಕೆ ಮೊದಲು. ಡ್ರೈವರ್ ಚೈನನ್ನು ಕಲ್ಲಿಗೆ ಬಡಿದು ಮಣ್ಣು ಉದುರಿಸಿ, ಚರಂಡಿಯ ನೀರಿನಲ್ಲಿ ಅದ್ದಿ ಗೋಣಿಗೆ ತುಂಬುತ್ತ ಕೇಳಿದರು: “ನಿಮ್ಮಲ್ಲಿ ಈ ಕೊಚ್ಚೆ ಕೆಲಸ ಎಲ್ಲ ಯಾರು ಮಾಡ್ತಾರೆ?”

ಅಲ್ಲಿ ಹಿಮದ ದಿನ ರಸ್ತೆ ಬದಿಯಲ್ಲಿ ಪರವಾನಗಿ ಪಡೆದವರು ಎದೆಗೆ ನಂಬರಿನ ಬಿಲ್ಲೆ ಹಾಕಿ ನಿಂತಿರುತ್ತಾರೆ, ಕಾಸು ಕೊಟ್ಟರೆ ಕಟ್ಟಿಕೊಡುತ್ತಾರೆ, ಆದರೆ ಚೈನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ ಎಂದ ಹುಡುಗ.

“ಬರೀ ಕಟ್ಟೋದಕ್ಕೇ ದುಡ್ಡಾ?” ಡ್ರೈವರ್ ಗೋಣಿಯ ಬಾಯಿ ಬಿಗಿದರು. “ನಾವು ಬಾಡಿಗೇಲೇ ಸೇರಿಸಿ ಕೆಟ್ವಲ್ಲ ಮಾರಾಯ್ರೆ.”