ಮಾವ ಕೇಳಿದ ಪ್ರಶ್ನೆ

ಅಕ್ಟೋಬರ್ 12, 2025, ಭಾನುವಾರ, ಮೈಸೂರು

ಮಳವಳ್ಳಿಯಿಂದ ಈಗ ಬಂದೆ. ಕೈಗೆ ಇನ್ನೂ ಕುರಿ ವಾಸನೆ ಅಂಟಿಕೊಂಡಿದೆ.

ಮಾವನ ಬಂಡೂರು ಕುರಿಗಳಲ್ಲಿ ಒಂದು ಹೋಯಿತು. ಗಬ್ಬದ ಕುರಿ. ಇನ್ನೊಂದಕ್ಕೆ ದವಡೆ ಕೆಳಗೆ ನೀರು ತುಂಬಿ ಜೋತುಬಿದ್ದಿದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇಲ್ಲ, ಬೆಳ್ಳಗೆ ಬಿಳಚಿಕೊಂಡಿತ್ತು. "ಭೇದಿನೂ ಇರ್ಲಿಲ್ಲ ಕಣವ್ವ, ಮೊನ್ನೆವರೆಗೂ ಮೇಯ್ತಿತ್ತು" ಅಂದರು ಮಾವ.

ಹೀಮಾಂಕಸ್ ಹುಳ ಹೀಗೇ ಮಾಡುತ್ತದೆ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿದ್ದುಕೊಂಡು ರಕ್ತ ಕುಡಿಯುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿ.ಲೀ. ಸಾವಿರ ಹುಳ ಇದ್ದರೆ 50 ಮಿ.ಲೀ. ಅಷ್ಟು ಸಣ್ಣ ಮೈಯಿಂದ! ಮಾವ ಔಷಧಿ ಕುಡಿಸದೆ ಇಲ್ಲ. ಆದರೆ ವರ್ಷಗಟ್ಟಲೆ ಅದೇ ಔಷಧಿ. ಹುಳ ಅದಕ್ಕೆ ಬಗ್ಗದಂತಾಗಿರಬೇಕು.

"ಪಿಪಿಆರ್‌ಗೆ ಸೂಜಿ ಹಾಕ್ತಾರೆ, ಕರುಳುಬೇನೆಗೆ ಹಾಕ್ತಾರೆ. ಇದಕ್ಯಾಕವ್ವ ಇಲ್ಲ?"

ಇದೆ ಅಂದೆ. ಬಾರ್ಬರ್‌ವ್ಯಾಕ್ಸ್. ಸ್ಕಾಟ್ಲೆಂಡಿನ ಮೊರ್‌ಡನ್ ಸಂಸ್ಥೆಯವರ ಬಹಳ ವರ್ಷಗಳ ಕೆಲಸ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ಬಂತು. ಜಗಲಿ ಮೇಲೆ ಕೂತು ಬಿಡಿಸಿ ಹೇಳಿದೆ. ಹುಳದ ಕರುಳಿನ ಒಳಗೋಡೆಯ ಪ್ರೋಟೀನನ್ನು ಕುರಿಗೆ ಚುಚ್ಚುತ್ತಾರೆ. ಕುರಿಯ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಹುಳ ರಕ್ತ ಕುಡಿದಾಗ ಆ ಪ್ರತಿಕಾಯವೂ ಒಳಗೆ ಹೋಗಿ ಅದರ ಕರುಳಿಗೆ ಅಂಟಿಕೊಳ್ಳುತ್ತದೆ. ಕುಡಿದದ್ದು ಅರಗುವುದಿಲ್ಲ. ಹುಳ ಸೊರಗುತ್ತದೆ, ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಹುಲ್ಲಿಗೆ ಬೀಳುವ ಮರಿಹುಳವೂ ಕಡಿಮೆ.

ಮಾವ ತುಸು ಹೊತ್ತು ಮಾತಾಡಲಿಲ್ಲ. "ಅಂದ್ರೆ ನಮ್ ಕುರಿ ರಕ್ತನೇ ಅದಕ್ಕೆ ವಿಷ ಆಯ್ತದೆ ಅನ್ನು."

ಹೌದು ಮಾವ, ಹಾಗೇ.

ಆಮೇಲಿನದನ್ನು ಹೇಳಲು ಕಷ್ಟವಾಯಿತು. ಆ ಪ್ರೋಟೀನು ಹುಳದ ಹೊಟ್ಟೆಯೊಳಗೇ ಅಡಗಿರುತ್ತದೆ. ಹಾಗಾಗಿ ಹುಳ ಹೊಟ್ಟೆಯಲ್ಲಿದ್ದರೂ ಕುರಿಯ ಮೈಗೆ ಅದರ ನೆನಪು ಬರುವುದಿಲ್ಲ. ಅದಕ್ಕೇ ಮೊದಲು ಮೂರು ಸೂಜಿ, ಆಮೇಲೆ ಹುಳದ ಕಾಲ ಮುಗಿಯುವವರೆಗೆ 6 ವಾರಕ್ಕೊಂದು. ತಯಾರಿಸುವುದೂ ಸುಲಭ ಅಲ್ಲ. ಪ್ರಯೋಗಾಲಯದಲ್ಲಿ ಬೇರೆ ಜೀವಕೋಶಗಳಿಂದ ಮಾಡಿಸಿದ ಪ್ರೋಟೀನು ಕುರಿಯನ್ನು ಕಾಯಲಿಲ್ಲ. ಕುರಿಗೇ ಹುಳ ಹತ್ತಿಸಿ, ಅದನ್ನು ಕೊಯ್ದು, ಹೊಟ್ಟೆಯಿಂದ ಹುಳ ತೆಗೆಯಬೇಕು. ಒಂದು ಸೂಜಿಗೆ ಬೇಕಾಗುವುದು 5 ಮೈಕ್ರೋಗ್ರಾಂ ಮಾತ್ರ, ನಿಜ. ಆದರೂ ಮಳವಳ್ಳಿಯ ಅಂಗಡಿಗೆ ಅದು ಯಾವಾಗ ಬರಬೇಕು?

ಗಬ್ಬದ ಕುರಿ ಅಲ್ವಾ. ಇನ್ನೊಂದೆರಡು ವಾರ ಇತ್ತಂತೆ, ಅಷ್ಟೇ.

ಹಿಕ್ಕೆ ತಂದು ಫ್ರಿಜ್ಜಿನಲ್ಲಿಟ್ಟಿದ್ದೇನೆ. ನಾಳೆ ಅದರಲ್ಲಿ ಹುಳದ ಮೊಟ್ಟೆ ಎಣಿಸಬೇಕು. ಔಷಧಿ ಬದಲಿಸಿ ಹತ್ತು ಹದಿನಾಲ್ಕು ದಿನಕ್ಕೆ ಇನ್ನೊಂದು ಸಲ ಎಣಿಸಬೇಕು. ಅಷ್ಟರಲ್ಲಿ ಆ ದವಡೆ ಊದಿದ ಕುರಿ…