ಘಾಟಿಯಲ್ಲಿ ಕುದಿಯೋ ಮಾರುತಿ 800: ರೇಡಿಯೇಟರ್ ಬಿಚ್ಚಿದ್ದಾಯ್ತು

ಹೋದ್ಸಲ ಕಾರ್ಬುರೇಟರ್ ಕ್ಲೀನ್ ಮಾಡಿದ್ದು ಬರ್ದಿದ್ದೆ, ಈ ಸಲ ಎಂಜಿನ್ ಬಿಸಿ ಆಗೋ ವಿಚಾರ. ಕಂಪ್ಲೇಂಟ್ ಎಂತ ಅಂದ್ರೆ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಮಂಡಗದ್ದೆ, ಸಕ್ರೆಬೈಲು, ಗಾಜನೂರು ಅಂತ ಆರಾಮಾಗಿ ಹೋಗುತ್ತೆ, ಗೋಪಿ ಸರ್ಕಲ್ಲಲ್ಲಿ ಸಿಗ್ನಲ್‌ಗೆ ನಿಂತ್ರೂ ಟೆಂಪರೇಚರ್ ಮೀಟರಿನ ಮುಳ್ಳು ಅರ್ಧದಿಂದ ಮೇಲೆ ಹೋಗಲ್ಲ. ಅದೇ ಉಡುಪಿ ಕಡೆಯಿಂದ ವಾಪಸ್ ಬರ್ತಾ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಶುರುವಾಯ್ತು ಅನ್ನಿ, 14 ತಿರುವಲ್ಲಿ ಅರ್ಧ ಮುಗಿಯೋದ್ರೊಳಗೆ ಮುಳ್ಳು ಎಚ್ (ಹಾಟ್) ಹತ್ರ.

ಇದ್ರಲ್ಲೇ ಅರ್ಧ ಉತ್ತರ ಇದೆ. ಸಿಗ್ನಲಲ್ಲಿ ನಿಂತಾಗ ಗಾಳಿ ಕೊಡೋದು ಫ್ಯಾನ್ ಒಂದೇ, ಅಲ್ಲಿ ಬಿಸಿ ಆಗಲ್ಲ ಅಂದ್ರೆ ಫ್ಯಾನ್, ರಿಲೇ, ಫ್ಯಾನ್ ಸ್ವಿಚ್ ಹೆಚ್ಚುಕಮ್ಮಿ ಸರಿ ಇದೆ ಅಂತಾಯ್ತು. ಘಾಟಿಯಲ್ಲಿ ಮಾತ್ರ ಬಿಸಿ ಅಂದ್ರೆ ಎಂಜಿನ್ ಹುಟ್ಟಿಸೋ ಬಿಸೀನ ಹೊರಗೆ ಹಾಕೋ ತಾಕತ್ತೇ ಸಾಲ್ತಿಲ್ಲ. ಪೆಟ್ರೋಲಿನ ಬಿಸೀಲಿ ಸುಮಾರು ಮೂರನೇ ಒಂದು ಭಾಗ ಕೂಲಂಟಿಗೇ (ಎಂಜಿನ್ ಒಳಗೆ ಹರಿದು ಬಿಸಿ ಹೊತ್ಕೊಂಡು, ರೇಡಿಯೇಟರಲ್ಲಿ ಗಾಳಿಗೆ ತಣ್ಣಗಾಗೋ ನೀರು) ಹೋಗುತ್ತೆ. ಸೆಕೆಂಡ್ ಗೇರಲ್ಲಿ ಆಕ್ಸಿಲೇಟರ್ ಪೂರ್ತಿ ತುಳ್ಕೊಂಡು ಹತ್ತುವಾಗ ಬಿಸಿ ಜಾಸ್ತಿ, ಸ್ಪೀಡ್ ಕಮ್ಮಿ ಆದ್ರಿಂದ ಎದುರುಗಾಳಿನೂ ಕಮ್ಮಿ.

ಘಾಟಿಯಲ್ಲಿ ನಿಂತಾಗ ನಡೆದಿದ್ದು ಒಂಚೂರು ಹೇಳ್ಬೇಕು. ಜೊತೆಗೆ ಕೊಪ್ಪದ ಭಾವ ಇದ್ರು. ಬಾನೆಟ್ ಎತ್ತಿದ ಕೂಡ್ಲೇ ನೀರಿನ ಬಾಟಲಿ ತಗೊಂಡು "ಹೊಯ್ಯಾ ಮಾರಾಯ ಎಂಜಿನ್ ಮೇಲೆ, ತಣ್ಣಗಾಗುತ್ತೆ" ಅಂದ್ರು. "ಬ್ಯಾಡ ಭಾವ, ಎಂಜಿನ್ ಮೇಲಿನ ಹೆಡ್ ಅಲ್ಯೂಮಿನಿಯಂದು, ಡೊಂಕಾದ್ರೆ ಖರ್ಚು ನೀವು ಕೊಡ್ತೀರಾ" ಅಂದೆ. ಸುಮ್ನೆ ಬಾಟಲಿ ಎತ್ತಿ ಅವ್ರೇ ಕುಡಿದ್ರು. ರೇಡಿಯೇಟರ್ ಕ್ಯಾಪ್ ಅಂತೂ ಮುಟ್ಟಲೇಬಾರ್ದು. ಒಳಗೆ ಪ್ರೆಶರ್ ಇರೋ ತನಕ ನೀರು 100 ಡಿಗ್ರಿ ದಾಟಿದ್ರೂ ಕುದಿಯಲ್ಲ, ಕ್ಯಾಪ್ ತಿರುಗಿಸಿದ ಕ್ಷಣ ಅಷ್ಟೂ ಒಟ್ಟಿಗೆ ಕುದ್ದು ಮುಖಕ್ಕೆ ಹಾರುತ್ತೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯೋ ಹಾಗಾದ ಮೇಲೆ, ಬಟ್ಟೆ ಸುತ್ತಿ ನಿಧಾನಕ್ಕೆ ತೆಗ್ದು ನೀರು ಹಾಕಿ, ಹೀಟರ್ ಫುಲ್ ಆನ್ ಮಾಡ್ಕೊಂಡು ಹತ್ತಿದ್ವಿ. ಹೀಟರ್ ಅಂದ್ರೆ ಇನ್ನೊಂದು ಪುಟ್ಟ ರೇಡಿಯೇಟರ್ ಅಷ್ಟೆ, ಬೆವರಿದ್ರೂ ಪರ್ವಾಗಿಲ್ಲ. ಮುಳ್ಳು ಮೇಲಿದ್ದೂ ಹೀಟರಲ್ಲಿ ತಣ್ಣನೆ ಗಾಳಿ ಬಂದ್ರೆ ಮಾತ್ರ ಹುಷಾರು, ನೀರು ಖಾಲಿ ಆಗಿದೆ ಇಲ್ಲಾ ಒಳಗೆ ಗಾಳಿ ಸಿಕ್ಕಿ ಏರ್ ಲಾಕ್ ಆಗಿದೆ ಅಂತ ಅರ್ಥ.

ಮನೆಗೆ ಬಂದ ಮೇಲೆ ಶುರು. ನನ್ನ ನಿಯಮ ಒಂದೇ, ಟೆಸ್ಟ್ ಮಾಡ್ದೆ ಪಾರ್ಟ್ ತರೋದಿಲ್ಲ. ಕೇಳಿದೋರೆಲ್ಲ ಒಂದೊಂದು ಹೇಳ್ತಾರೆ, ಒಬ್ರು ವಾಟರ್ ಪಂಪ್ ಅಂದ್ರು, ಇನ್ನೊಬ್ರು ಹೆಡ್ ಗ್ಯಾಸ್ಕೆಟ್ಟೇ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ಮಧ್ಯದ ಸೀಲ್) ಹೋಗಿದೆ ಅಂತ ತೀರ್ಮಾನ ಮಾಡಿ ಎಸ್ಟಿಮೇಟೂ ಕೊಟ್ರು.

ಮೊದ್ಲು ಹೆಡ್ ಗ್ಯಾಸ್ಕೆಟ್ ಅನುಮಾನ ತೀರಿಸ್ಕೊಂಡೆ, ಯಾಕಂದ್ರೆ ಅದೇ ಆಗಿದ್ರೆ ಬಾಕಿದೆಲ್ಲ ದಂಡ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗ್ದು ಸ್ಟಾರ್ಟ್ ಮಾಡಿ ನೋಡ್ತಾ ನಿಂತೆ. ಶುರುವಲ್ಲಿ ನಾಲ್ಕು ಗುಳ್ಳೆ ಬರೋದು ಸಹಜ, ಬಿಡದೆ ಬುಳುಬುಳು ಬರ್ತಿದ್ರೆ ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ತಿದೆ ಅಂತ. ಬರ್ಲಿಲ್ಲ. ಸೈಲೆನ್ಸರಲ್ಲಿ ಸಿಹಿ ವಾಸನೆಯ ಬಿಳಿ ಹೊಗೆ ಇಲ್ಲ. ಆಯಿಲ್ ಕ್ಯಾಪಿನ ಅಡಿಗೆ ಮಾತ್ರ ಬೆಣ್ಣೆ ಥರ ಬಿಳೀ ಕೆನೆ ಇತ್ತು, ಎಸ್ಟಿಮೇಟ್ ಕೊಟ್ಟೋರು ತೋರಿಸಿದ್ದೂ ಅದನ್ನೇ. ಆದ್ರೆ ನಮ್ಮ ಕಡೆ ತೇವಕ್ಕೆ, ಗಾಡಿ ಪೂರ್ತಿ ಬಿಸಿ ಆಗೋ ಮುಂಚೆ ಆಫ್ ಮಾಡೋ ಸಣ್ಣ ಓಡಾಟಕ್ಕೆ, ಒಳಗಿನ ಆವಿ ಅಲ್ಲಿ ತಂಪಾಗಿ ಆಯಿಲ್ ಜೊತೆ ಸೇರಿ ಹಂಗಾಗುತ್ತೆ. ಡಿಪ್‌ಸ್ಟಿಕ್ ತೆಗ್ದು ನೋಡಿದ್ರೆ ಆಯಿಲ್ ಸ್ವಚ್ಛ, ಲೆವೆಲ್ಲೂ ಏರಿಲ್ಲ. ಗ್ಯಾಸ್ಕೆಟ್ ಬಿಟ್ಟಾಕಿದೆ.

ಫ್ಯಾನ್ ಸರಿ ಇದೆ ಅಂತ ಗೊತ್ತಿದ್ರೂ ಗಾಳಿ ಯಾವ ಕಡೆ ಹೋಗ್ತಿದೆ ಅಂತ ನೋಡ್ಬೇಕಲ್ಲ. ಯಾರಾದ್ರೂ ವೈರ್ ಉಲ್ಟಾ ಕೊಟ್ಟಿದ್ರೆ ಫ್ಯಾನ್ ತಿರುಗುತ್ತೆ, ಆದ್ರೆ ಎದುರುಗಾಳಿಗೇ ವಿರುದ್ಧ ಊದುತ್ತೆ. ಪೇಪರಿನ ಒಂದು ಹಾಳೆ ರೇಡಿಯೇಟರ್ ಮುಂದೆ ಹಿಡಿದೆ, ಟಪ್ಪಂತ ಅಂಟ್ಕೊಂಡ್ತು. ಸರಿ ಇದೆ.

ಆಮೇಲೆ ಕ್ಯಾಪ್. ರಬ್ಬರ್ ಗಟ್ಟಿಯಾಗಿ ಅಂಚು ಸೀಳಿತ್ತು. ಇದು ಸಣ್ಣದಲ್ಲ. ಶಿವಮೊಗ್ಗದ ಎತ್ತರಕ್ಕೆ ಬರೀ ನೀರು 98 ಡಿಗ್ರಿಗೇ ಕುದಿಯುತ್ತೆ, 0.9 ಬಾರ್ ಕ್ಯಾಪ್ ಸರಿ ಕೂತ್ರೆ ಅದು 118ರ ಹತ್ರ ಹೋಗುತ್ತೆ. ಕ್ಯಾಪ್ ಹೋದ್ರೆ ಆ 20 ಡಿಗ್ರಿ ಹೋಯ್ತು. ಎಂಜಿನ್ ತಣ್ಣಗಾದಾಗ ಮೇಲಿನ ಹೋಸ್ ಚಪ್ಪಟೆ ಆಗಿರ್ತಿತ್ತು, ಅದೂ ಕ್ಯಾಪಿಂದೇ ಕೆಲ್ಸ, ಹೆಚ್ಚಾದ ನೀರು ಹೋಗಿ ನಿಲ್ಲೋ ಪಕ್ಕದ ಟ್ಯಾಂಕಿಂದ ಅದನ್ನ ವಾಪಸ್ ಎಳ್ಕೊಳ್ಳೋ ಸಣ್ಣ ವಾಲ್ವ್ ಹಿಡ್ಕೊಂಡಿತ್ತು.

ಮಜಾ ಬಂದಿದ್ದು ಥರ್ಮೋಸ್ಟಾಟ್ ವಿಷ್ಯದಲ್ಲಿ, ಅಂದ್ರೆ ಎಂಜಿನ್ ಬಿಸಿ ಆಗೋ ತನಕ ನೀರನ್ನ ರೇಡಿಯೇಟರಿಗೆ ಬಿಡದೆ ತಡಿಯೋ ವಾಲ್ವ್. ಅದರ ಮುಚ್ಚಳದ ಬೋಲ್ಟ್ ಬಿಚ್ಚಿ ನೋಡಿದ್ರೆ ಒಳಗೆ ಖಾಲಿ! ಥರ್ಮೋಸ್ಟಾಟೇ ಇಲ್ಲ, ಯಾರೋ ಹಿಂದೆಯೇ ಕಿತ್ತು ಬಿಸಾಕಿದ್ದಾರೆ. ಗಾಡಿ ತಗೊಂಡಾಗಿಂದ ಮಳೆಗಾಲದಲ್ಲಿ ಮುಳ್ಳು ಸಿ ಬಿಟ್ಟು ಏಳ್ತಿರ್ಲಿಲ್ಲ, ಚೋಕ್ ಎಳ್ಕೊಂಡೇ ಮೇನ್ ರೋಡ್ ತನಕ ಹೋಗ್ಬೇಕಿತ್ತು, ಮೈಲೇಜ್ ಇಲ್ಲ, ಇದಕ್ಕೆಲ್ಲ ಈಗ ಕಾರಣ ಗೊತ್ತಾಯ್ತು. "ನಮ್ಮೂರಿಗೆ ಥರ್ಮೋಸ್ಟಾಟ್ ಬೇಡ" ಅನ್ನೋ ಮಾತು ಗ್ಯಾರೇಜುಗಳಲ್ಲಿ ಸುಮಾರು ಓಡುತ್ತೆ, ನಂಗೆ ಅದು ಒಪ್ಪೋದೇ ಇಲ್ಲ. ಕಿತ್ತಿದ್ದು ಯಾಕೆ ಅಂತ ಯೋಚ್ನೆ ಮಾಡಿ: ಆಗಲೇ ಗಾಡಿ ಬಿಸಿ ಆಗ್ತಿತ್ತು, ರೇಡಿಯೇಟರ್ ಕಟ್ಟಿದೆಯಾ ಅಂತ ನೋಡೋ ಬದ್ಲು ಇದನ್ನ ಕಿತ್ರು, ಸಪಾಟು ರೋಡಲ್ಲಿ ಬಿಸಿ ಇಳೀತು, ಗಿರಾಕಿ ಖುಷಿ. ರೋಗ ಮಾತ್ರ ಒಳಗೇ ಬೆಳೀತಾ ಇತ್ತು.

ಹಂಗಾಗಿ ರೇಡಿಯೇಟರ್ ಬಿಚ್ಚಿದೆ. ಕೆಳಗಿನ ಪ್ಲಗ್ ತೆಗ್ದಾಗ ಬಂದಿದ್ದು ಕೂಲಂಟಲ್ಲ, ಕಾಫಿ ಚರಟದ ಬಣ್ಣದ ನೀರು. ಅಪ್ಪಯ್ಯ ನೋಡಿ "ಇದೆಂತ ಗಾಡಿನೋ, ಬೋರ್‌ವೆಲ್ಲೋ" ಅಂದ್ರು. ನೀರನ್ನ ಬಕೆಟಲ್ಲಿ ಹಿಡಿದು ಮುಚ್ಚಿಟ್ಟೆ. ದನ, ನಾಯಿ ಇರೋ ಮನೇಲಿ ಇದು ಮುಖ್ಯ, ಕೂಲಂಟಲ್ಲಿರೋ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತೆ, ನೆಕ್ಕಿದ್ರೆ ಕಿಡ್ನಿ ಹೋಗುತ್ತೆ, ಅಂಗಳಕ್ಕೆ ಚೆಲ್ಲೋದೇ ಬೇಡ.

ರೇಡಿಯೇಟರ್ ಹೊರಗಡೆ ತೆಳು ತಗಡಿನ ಫಿನ್ನುಗಳ ಮಧ್ಯೆ ಕೆಮ್ಮಣ್ಣು, ಹುಳ, ಜೊತೆಗೆ ಅಡಿಕೆ ಸಿಪ್ಪೆಯ ನಾರು (ಅಡಿಕೆ ಸುಲಿಯೋ ಚಪ್ಪರದ ಪಕ್ಕನೇ ಕಾರ್ ನಿಲ್ಸೋದು). ಎಂಜಿನ್ ಕಡೆಯಿಂದ ಹೊರಕ್ಕೆ ತೋಟದ ಪೈಪಲ್ಲಿ ನೀರು ಬಿಟ್ಟು ತೊಳೆದೆ, ಪ್ರೆಶರ್ ವಾಷರ್ ಹಿಡಿದ್ರೆ ಫಿನ್ ಮಡಚಿ ಹೋಗುತ್ತೆ. ಆಮೇಲೆ ಕೆಳಗಿನ ಬಾಯಿ ಅಂಗೈಯಲ್ಲಿ ಮುಚ್ಚಿ, ನೀರು ತುಂಬಿಸಿ, ಕೈ ತೆಗ್ದೆ. ಚೆನ್ನಾಗಿರೋ ರೇಡಿಯೇಟರ್ ಆದ್ರೆ ದಡದಡ ಸುರಿಯುತ್ತೆ. ಇದು ಕಾಲ್ಬೆರಳ ಮೇಲೆ ಸಣ್ಣ ಧಾರೆ ಬಿಟ್ಕೊಂಡು ನಿಂತಿತ್ತು. ಕಳ್ಳ ಸಿಕ್ಕಿದ.

ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರ್ ಆದ್ರಿಂದ ರಿಪೇರಿ ಸಾಧ್ಯ, ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಆಗಿದ್ರೆ ಹೊಸದೇ ಗತಿ. ಶಿವಮೊಗ್ಗ ಆಟೋ ಕಾಂಪ್ಲೆಕ್ಸಲ್ಲಿ ಒಂದು ಅಂಗಡಿಗೆ ಕೊಟ್ಟು ಎದುರಿಗೇ ಕೂತು ನೋಡಿದೆ. ಬೆಸುಗೆ ಕಾಯಿಸಿ ಮೇಲಿನ ಟ್ಯಾಂಕ್ ಎತ್ತಿದ್ರು, ಟ್ಯೂಬುಗಳ ಬಾಯಿ ತುಂಬ ಬಿಳಿಗಂದು ಗಾರೆ. ಗಡಸು ಬೋರ್ ನೀರು ವರ್ಷಗಟ್ಲೆ ಕಾದ್ರೆ ಬರೋ ಸುಣ್ಣ, ಜೊತೆಗೆ ಎಂಜಿನ್ ಒಳಗಿನ ತುಕ್ಕು. ತೆಳು ಪಟ್ಟಿ ಒಂದೊಂದೇ ಟ್ಯೂಬಿಗೆ ತೂರಿಸಿ ಎಳೆದ್ರು, ತೂತಾಗಿದ್ದ ಒಂದನ್ನ ಬೆಸುಗೆ ಹಾಕಿ ಮುಚ್ಚಿದ್ರು. ಆಮೇಲೆ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದು ಲೀಕ್ ಚೆಕ್. ಹೊಸದರ ಅರ್ಧ ರೇಟೂ ಆಗ್ಲಿಲ್ಲ.

ಹೊಸ ಥರ್ಮೋಸ್ಟಾಟ್ ತಂದೆ, ಅದರ ಮೇಲೆ 82 (ತೆರೆಯೋಕೆ ಶುರುವಾಗೋ ಡಿಗ್ರಿ) ಅಂತ ಅಚ್ಚು ಇದೆ. ಹೊಸದು ಅಂತ ನಂಬೋದು ಬೇಡ ಅಂತ ಬಚ್ಚಲೊಲೆ ಮೇಲೆ ಹಳೇ ಪಾತ್ರೆ ಇಟ್ಟು ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟೆ, ಪಕ್ಕದಲ್ಲಿ ಮಲ್ಟಿಮೀಟರಿನ ಬಿಸಿ ಅಳೆಯೋ ವೈರ್. 80 ಆಯ್ತು, ಏನಿಲ್ಲ. 83 ದಾಟ್ತಾ ಇದ್ದಂಗೆ ನಡುವಿನ ತಟ್ಟೆ ಕೂದಲೆಳೆ ಅಷ್ಟು ಬಿಟ್ಕೊಂಡು ಅಲ್ಲಿಂದ ಒಂದು ಸಣ್ಣ ಗುಳ್ಳೆ ಸಾಲು ಮೇಲೆ ಬಂತು. ಆಮೇಲೆ ನಿಧಾನಕ್ಕೆ ಪೂರ್ತಿ ತೆರೀತು, ಎತ್ತಿ ಹೊರಗಿಟ್ರೆ ಮತ್ತೆ ಮುಚ್ಕೊಂಡ್ತು. ಕೂರಿಸುವಾಗ ಅದರಲ್ಲಿರೋ ಸಣ್ಣ ತೂತು ಮೇಲ್ಗಡೆ ಬರ್ಬೇಕು, ಗಾಳಿ ಹೋಗೋದು ಅಲ್ಲಿಂದ.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ನಮ್ಮಲ್ಲಿ ಹಿಮ ಬೀಳಲ್ಲ ಕೂಲಂಟ್ ಎಂತಕ್ಕೆ ಅಂತ ಕೇಳೋರಿದ್ದಾರೆ, ಅದು ತುಕ್ಕು ತಡಿಯೋಕೆ, ಕುದಿಯೋ ಮಟ್ಟ ಏರಿಸೋಕೆ. ಅಂಗಳದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಸಿ, ಹೀಟರ್ ಆನ್ ಇಟ್ಟು, ಹೋಸ್ ಹಿಚುಕ್ತಾ ಹಿಚುಕ್ತಾ ತುಂಬಿಸಿದೆ, ಫ್ಯಾನ್ ಒಂದ್ಸಲ ಆನ್ ಆಗಿ ಆಫ್ ಆಗೋ ತನಕ.

ಮೊನ್ನೆ ಸೋಮೇಶ್ವರಕ್ಕೆ ಇಳಿದು ಮಧ್ಯಾಹ್ನದ ಬಿಸಿಲಲ್ಲೇ ವಾಪಸ್ ಹತ್ತಿಸಿದೆ, ಬೇಕಂತಲೇ ಒಂದು ಟಿಪ್ಪರ್ ಹಿಂದೆ. ಮೇಲಿನ ತಿರುವುಗಳಲ್ಲಿ ಮುಳ್ಳು ಅರ್ಧ ದಾಟಿ ಒಂದು ಕೂದಲು ಮೇಲೆ ಹೋಯ್ತು, ಫ್ಯಾನ್ ಶುರುವಾಯ್ತು, ಅಲ್ಲೇ ನಿಂತ್ತು. ಆಗುಂಬೆ ಪೇಟೆ ಮುಟ್ಟೋದ್ರೊಳಗೆ ಅರ್ಧಕ್ಕೆ ವಾಪಸ್. ಮಾರ್ನೇ ದಿನ ಬೆಳಿಗ್ಗೆ ಪಕ್ಕದ ಟ್ಯಾಂಕಲ್ಲಿ ನೀರು ಒಂದು ಬೆರಳಷ್ಟು ಇಳಿದಿತ್ತು, ಉಳಿದಿದ್ದ ಗಾಳಿ ಹೋಗಿರ್ಬೇಕು, ತುಂಬಿಸಿದೀನಿ. ಪ್ರೆಶರ್ ಸರಿ ಆದ ಮೇಲೆ ಹೀಟರ್ ಹೋಸಿನ ಹಳೇ ಕ್ಲಿಪ್ ಹತ್ರ ಸಣ್ಣಗೆ ಒಸರೋಕೆ ಶುರುವಾಗಿದೆ, ಎಡಗಡೆ ಮ್ಯಾಟ್ ಒದ್ದೆ. ಕ್ಲಿಪ್ ತಂದಿಟ್ಟಿದೀನಿ, ಡ್ಯಾಶ್‌ಬೋರ್ಡ್ ಅಡಿಗೆ ಕೈ ಹೋಗೋದೇ ಕಷ್ಟ, ಭಾವನ ಮಗನ ಕೈ ಸಣ್ಣದಿದೆ, ಅವ್ನು ರಜಕ್ಕೆ ಬರ್ಲಿ.