ಎಕ್ಸೋಡಸ್ ಬೇಸ್ ಅಭ್ಯಾಸ: ಮೊದಲ ಮಗ್ಗುಲು ಎಲ್ಲಿವರೆಗೆ ಬಂತು

ಜಮೈಕಾದ ರೆಗೇ ತಂಡ ಬಾಬ್ ಮಾರ್ಲಿ ಅಂಡ್ ದ ವೇಲರ್ಸ್‌ನ ‘ಎಕ್ಸೋಡಸ್’ ಎಲ್‌ಪಿ ರೆಕಾರ್ಡಿನ ಮೊದಲ ಮಗ್ಗುಲಿನ ಐದೂ ಹಾಡುಗಳನ್ನ ಬೇಸ್ ಗಿಟಾರಲ್ಲಿ ನುಡಿಸಬೇಕು ಅಂತ ಹಿಡಿದ ಕೆಲಸ ನಡೀತಿದೆ. ‘ನ್ಯಾಚುರಲ್ ಮಿಸ್ಟಿಕ್’ ಕೈಗೆ ಕೂತಿದೆ. ‘ಗಿಲ್ಟಿನೆಸ್’ ಅರ್ಧ ಆಗಿದೆ. ‘ದ ಹೀದನ್’ ಇನ್ನೂ ಮುಟ್ಟಿಲ್ಲ.

‘ನ್ಯಾಚುರಲ್ ಮಿಸ್ಟಿಕ್’ ಶುರುವಾಗೋದೇ ಕೇಳಿಸೀತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ದನಿ ಏರ್ತಾ ಏರ್ತಾ ಬೇಸು, ಡ್ರಮ್ಮು ಎದುರಿಗೇ ಬಂದು ನಿಲ್ಲುತ್ತವೆ. ಆಸ್ಟನ್ ‘ಫ್ಯಾಮಿಲಿ ಮ್ಯಾನ್’ ಬ್ಯಾರೆಟ್ ಬೇಸಲ್ಲಿ ಸ್ವರಗಳು ಕಮ್ಮಿ, ಆದರೆ ಪ್ರತಿಯೊಂದೂ ಎಲ್ಲಿ ನಿಲ್ಲಬೇಕು ಅನ್ನೋದು ಖಡಾಖಂಡಿತ. ಹಾಗಾಗಿ ಬಲಗೈಗಿಂತ ಎಡಗೈಗೇ ಕೆಲಸ ಜಾಸ್ತಿ: ತಂತಿಯನ್ನ ಒತ್ತಿದ ಬೆರಳು ಸಡಿಲಿಸಿ ನಾದ ಕಡಿಯಬೇಕು. ಟೋನ್ ನಾಬ್ ಪೂರ್ತಿ ಇಳಿಸಿ, ಫ್ರೆಟ್‌ಬೋರ್ಡ್ ಮುಗಿಯೋ ಜಾಗದ ಹತ್ತಿರ ಹೆಬ್ಬೆರಳಲ್ಲಿ ಮೀಟಿದರೆ ಆ ದಪ್ಪ ದನಿಯ ಹತ್ತಿರ ಬರುತ್ತೆ.

ಆಸ್ಟನ್‌ನ ತಮ್ಮ, ತಂಡದ ಡ್ರಮ್ಮರ್ ಕಾರ್ಲ್ಟನ್ ಬ್ಯಾರೆಟ್‌ಗೆ ಹೆಸರು ತಂದ ‘ಒನ್ ಡ್ರಾಪ್’ ಅನ್ನೋ ಡ್ರಮ್ ನಡೆಯಲ್ಲಿ ನಾಲ್ಕರ ಎಣಿಕೆಯ ಮೊದಲನೇದು ಖಾಲಿ, ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮಿನ ಪೆಟ್ಟು) ಬೀಳೋದು ಮೂರಕ್ಕೆ. ಸಮಕ್ಕೆ ತಾಳ ಹಾಕಿ ಬೆಳೆದ ಕೈಯನ್ನ ಇದಕ್ಕೆ ಪಳಗಿಸೋಕೆ ಮೆಟ್ರೋನೋಮ್ ಮೂರನೇ ಎಣಿಕೆಗೆ ಮಾತ್ರ ಟಿಕ್ ಅನ್ನೋ ಹಾಗೆ ಇಟ್ಟುಕೊಂಡಿದ್ದೀನಿ. ಒಂದನ್ನ ನಾನೇ ಒಳಗೊಳಗೆ ಹಿಡಿದುಕೊಂಡಿರಬೇಕು.

1976ರ ಡಿಸೆಂಬರ್ 3ರಂದು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಮಾರ್ಲಿಯ 56 ಹೋಪ್ ರೋಡ್ ಮನೆಗೆ ಬಂದೂಕುಧಾರಿಗಳು ನುಗ್ಗಿ ಗುಂಡು ಹಾರಿಸಿದರು. ಗಾಯದಲ್ಲೇ ಎರಡು ದಿನ ಬಿಟ್ಟು ಮಾರ್ಲಿ ‘ಸ್ಮೈಲ್ ಜಮೈಕಾ’ ಸಂಗೀತ ಕಚೇರಿಯ ವೇದಿಕೆ ಹತ್ತಿ ಹಾಡಿದರು, ಆಮೇಲೆ ದೇಶ ಬಿಟ್ಟರು. ಈ ಆಲ್ಬಂ ರೆಕಾರ್ಡ್ ಆಗಿದ್ದು ಲಂಡನ್ನಿನಲ್ಲಿ, ಬಂದಿದ್ದು 1977ರ ಜೂನ್‌ನಲ್ಲಿ. ಜನಕ್ಕೆ ಗೊತ್ತಿರೋದು ಎರಡನೇ ಮಗ್ಗುಲಿನ ‘ಜ್ಯಾಮಿಂಗ್’, ‘ತ್ರೀ ಲಿಟಲ್ ಬರ್ಡ್ಸ್’. ಲಂಡನ್ನಿನ ಅದೇ ರೆಕಾರ್ಡಿಂಗ್‌ಗಳಿಂದಲೇ ಮರುವರ್ಷ ‘ಕಾಯಾ’ ಅನ್ನೋ ಹಗುರ ಆಲ್ಬಮ್ಮೂ ಬಂತು. ಅಂದಮೇಲೆ ಮೊದಲ ಮಗ್ಗುಲಿನ ಹಾಡುಗಳಲ್ಲಿರೋ ಕತ್ತಲ ಭಾವ ಊರು ಬಿಟ್ಟಿದ್ದಕ್ಕೆ ತಾನಾಗೇ ಕವಿದದ್ದಲ್ಲ. ಅವರು ಬೇಕೂಂತಲೇ ಆರಿಸಿ ಜೋಡಿಸಿದ್ದು ಅಂತ ನನಗನ್ನಿಸುತ್ತೆ. ಅದಕ್ಕೇ ಐದನ್ನೂ ಅದೇ ಕ್ರಮದಲ್ಲಿ, ನಡುವೆ ನಿಲ್ಲಿಸದೆ ನುಡಿಸೋ ಹಠ.

ಮುಂದೆ ಶೀರ್ಷಿಕೆ ಗೀತೆ. ಏಳು ನಿಮಿಷ ದಾಟುತ್ತೆ, ಹೆಚ್ಚುಕಮ್ಮಿ ಒಂದೇ ಎ ಮೈನರ್ ಕಾರ್ಡ್ ಮೇಲೆ. ಅಲ್ಲಿ ಒನ್ ಡ್ರಾಪ್ ಇಲ್ಲ, ಕಿಕ್ ನಾಲ್ಕಕ್ಕೆ ನಾಲ್ಕೂ ಬೀಳುತ್ತೆ. ಸದ್ಯಕ್ಕೆ ಮೊದಲ ಎರಡು ನಿಮಿಷ ಮಾತ್ರ, ನಿಧಾನದ ವೇಗದಲ್ಲಿ.